ಕೊಬ್ಬರಿ ಕಾರಿನ ಮುಂದಿನ ಸೀಟು

ಹೋದ ವಾರ ಬಾಣಾವರದಲ್ಲಿ, ನಾನು ಕೆಲಸ ಮಾಡಿದ ಶಾಲೆಯಲ್ಲಿ, ಯಾರದೋ ಬೀಳ್ಕೊಡುಗೆ ಇತ್ತು. ಮುಗಿಸಿಕೊಂಡು ಮಧ್ಯಾಹ್ನದ ರೈಲಿಗೆ ಅರಸೀಕೆರೆಗೆ ಬಂದಿಳಿದೆ. ಸ್ಟೇಷನ್ನಿನ ಮುಂದೆ ಒಂದೇ ಒಂದು ಆಟೋ ಇತ್ತು. ಬೆಳಗಿನಿಂದ ಬಿಸಿಲಿನಲ್ಲೇ ನಿಂತಿತ್ತೆಂದು ಕಾಣುತ್ತದೆ, ಸೀಟಿನ ರೆಕ್ಸಿನ್ನು ಸೀರೆ ದಾಟಿ ಸುಡುತ್ತಿತ್ತು. ಒಳಗೆ ಪೆಟ್ರೋಲಿನ ವಾಸನೆ. ಅದರ ಜೊತೆಗೆ ಯಾರೋ ಕೊಬ್ಬರಿ ಚೀಲ ಸಾಗಿಸಿದ್ದ ಎಣ್ಣೆಯೆಣ್ಣೆ ವಾಸನೆ. ಕಣ್ಣು ಮುಚ್ಚಿ ಒಂದು ಸಲ ಉಸಿರೆಳೆದುಕೊಂಡೆ. ಡ್ರೈವರು ಎಲ್ಲಿಗೆ ಮೇಡಂ ಅಂದ. ನಾನು ಬೇಲೂರಿಗೆ ಅಂದೆ.

ಅವನು ತಿರುಗಿ ನನ್ನ ಮುಖ ನೋಡಿದ. ಬೇಲೂರಿಗೆ ಬಸ್ಸು ಸಿಗುತ್ತದೆ, ಬೇಕಾದರೆ ಸ್ಟ್ಯಾಂಡಿಗೆ ಬಿಡುತ್ತೇನೆ ಎಂದು ಬಹಳ ಮರ್ಯಾದೆಯಿಂದ ಹೇಳಿದ. ನನಗೆ ನಾಚಿಕೆಯಾಯಿತು. ಮನೆಯ ಬೀದಿಯ ಹೆಸರು ಹೇಳಿದೆ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ನನ್ನನ್ನು ಗಮನಿಸುತ್ತಲೇ ಇದ್ದ. ರಿಟೈರಾದ ಟೀಚರಮ್ಮನಿಗೆ ಸ್ವಲ್ಪ ಮರೆವು ಶುರುವಾಗಿದೆ ಎಂದುಕೊಂಡಿರಬೇಕು. ಮರೆವಾಗಿದ್ದರೆ ಎಷ್ಟೋ ಚೆನ್ನಾಗಿತ್ತು.

ನಮ್ಮ ಮನೆಯಲ್ಲಿ ಒಂದು ಕಾರಿತ್ತು. ಲ್ಯಾಂಡ್‌ಮಾಸ್ಟರ್ ಅಂತ. ಈಗಿನವರಿಗೆ ಹೆಸರೂ ಗೊತ್ತಿರಲಾರದು, ಅಂಬಾಸಿಡರ್ ಕಾರಿನ ಅಣ್ಣ ಅಂತ ಇಟ್ಟುಕೊಳ್ಳಿ. ಹಾಲಿಗೆ ಒಂದು ತೊಟ್ಟು ಕಾಫಿ ಬಿದ್ದಂಥ ಬಣ್ಣ. ಗೇರು ಈಗಿನ ಹಾಗೆ ಕಾಲ ಹತ್ತಿರ ಅಲ್ಲ, ಸ್ಟೇರಿಂಗಿನ ಪಕ್ಕದಲ್ಲೇ ಕಡ್ಡಿಯಂತೆ ಚಾಚಿಕೊಂಡಿತ್ತು. ಮುಂದಿನ ಸೀಟು ಸೋಫಾದ ಹಾಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಚಳಿಗಾಲದ ಬೆಳಿಗ್ಗೆ ಮುಂದುಗಡೆಯಿಂದ ಹ್ಯಾಂಡಲ್ ತೂರಿಸಿ ತಿರುಗಿಸದೆ ಹೋದರೆ ಏಳುತ್ತಲೇ ಇರಲಿಲ್ಲ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ತಾತ ಅದನ್ನು ಚಿಕ್ಕಮಗಳೂರು ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡು ತಂದಿದ್ದರಂತೆ. ತಂದ ಮೊದಲ ವಾರವೇ ಅದರ ಡಿಕ್ಕಿಯಲ್ಲಿ ಕೊಬ್ಬರಿ ಚೀಲ ಹೇರಿದರಂತೆ. ಅಲ್ಲಿಂದ ಮುಂದೆ ಊರಿನವರ ಬಾಯಲ್ಲಿ ಅದು ಕೊಬ್ಬರಿ ಕಾರು. ತಾತ ಹೋದ ಮೇಲೆ ಅದು ಅಪ್ಪಾಜಿಯ ಕೈಗೆ ಬಂತು. ಅಪ್ಪಾಜಿ ಡಿಕ್ಕಿಯಲ್ಲಿ ಚೀಲ ಹಾಕುವುದನ್ನು ನಿಲ್ಲಿಸಿದರು. ಆದರೆ ವಾಸನೆ ಹೋಗಲಿಲ್ಲ, ಹೆಸರೂ ಹೋಗಲಿಲ್ಲ.

ಕಾರಿನ ಬಗ್ಗೆ ಹೇಳಲು ಹೋದರೆ ಮೊದಲು ಮನೆಯ ಬಗ್ಗೆ ಹೇಳಬೇಕಾಗುತ್ತದೆ. ನಾನು ಚಿಕ್ಕವಳಾಗಿದ್ದಾಗ ಆ ಮನೆಯಲ್ಲಿ ಅಜ್ಜಿ, ಇಬ್ಬರು ಚಿಕ್ಕಪ್ಪಂದಿರು, ಅವರ ಸಂಸಾರ, ಎಲ್ಲರೂ ಒಟ್ಟಿಗೆ. ಅಜ್ಜಿಯ ಎದುರಿಗೆ ಗಂಡ ಹೆಂಡತಿ ಮಾತಾಡಿಕೊಳ್ಳುವಂತಿರಲಿಲ್ಲ. ಹಾಗೆಂದು ಅಜ್ಜಿ ಯಾವತ್ತೂ ಬಾಯಿಬಿಟ್ಟು ಹೇಳಿದವರಲ್ಲ. ಸೊಸೆ ಗಂಡನ ಕಡೆ ತಿರುಗಿ ಒಂದು ಮಾತಾಡಿದರೆ ಕೈಯಲ್ಲಿದ್ದ ಜಪದ ಮಣಿ ನಿಲ್ಲಿಸಿ ನೋಡುತ್ತಿದ್ದರು, ಅಷ್ಟೇ. ಅಷ್ಟು ಸಾಕಾಗಿತ್ತು. ಹೀಗಾಗಿ ಅಪ್ಪಾಜಿಗೂ ಅಮ್ಮನಿಗೂ ನಡುವೆ ಏನಿದ್ದರೂ ನನ್ನ ಮೂಲಕವೇ. ಊಟಕ್ಕೆ ಏಳಲು ಹೇಳು ಎಂದು ಅಡುಗೆಮನೆಯಿಂದ ಹೊರಡುವುದು, ಇನ್ನೂ ಸ್ವಲ್ಪ ಹೊತ್ತು ಅಂತ ಹೇಳು ಎಂದು ಜಗಲಿಯಿಂದ ವಾಪಸ್ಸು ಬರುವುದು. ಒಬ್ಬಳೇ ಮಗಳು ನಾನು, ಓಡಾಡಿ ಓಡಾಡಿ ಕಾಲು ಗಟ್ಟಿಯಾಯಿತು. ದೊಡ್ಡವಳಾದ ಮೇಲೆ ನಾನು ಟೀಚರಾದದ್ದು ಆಶ್ಚರ್ಯವೇನಲ್ಲ. ಹೇಳಿದ್ದನ್ನೇ ಮತ್ತೆ ಹೇಳುವ ಅಭ್ಯಾಸ ನನಗೆ ಮೂರನೇ ವಯಸ್ಸಿನಿಂದಲೇ ಇತ್ತು.

ಅಮ್ಮನ ತವರು ಬೇಲೂರು. ತಿಂಗಳಿಗೊಂದು ಭಾನುವಾರ, ಕೆಲವು ಸಲ ಎರಡು, ಮಗುವಿಗೆ ಸೋದರಮಾವನ ಮನೆ ತೋರಿಸಿಕೊಂಡು ಬರುತ್ತೇವೆಂದು ಅಪ್ಪಾಜಿ ಅಜ್ಜಿಯ ಅಪ್ಪಣೆ ಪಡೆಯುತ್ತಿದ್ದರು. ಆ ತಿರುಗಾಟವೆಲ್ಲ ನನಗಾಗಿಯೇ ಎಂದು ನಾನು ಬಹಳ ವರ್ಷ ನಂಬಿದ್ದೆ. ಹೊಸ ಲಂಗ ಹಾಕಿಕೊಂಡು ಹಿಂದಿನ ಸೀಟಿನಲ್ಲಿ ರಾಣಿಯ ಹಾಗೆ ಕೂತಿರುತ್ತಿದ್ದೆ. ಬಾಣಾವರ ಬರುವವರೆಗೆ ಮುಂದೆ ಇಬ್ಬರೂ ಗಪ್‌ಚುಪ್. ಅಲ್ಲಿ ರೈಲ್ವೆ ಗೇಟು ದಾಟಿ ಜಾವಗಲ್ಲಿನ ರಸ್ತೆಗೆ ಬಿದ್ದರೆ ಸಾಕು, ಅಮ್ಮ ಸೆರಗನ್ನು ತಲೆಯಿಂದ ಇಳಿಸಿ, ಒಂದು ಸಲ ಕೆಮ್ಮಿ, ಮಾತು ಶುರು ಮಾಡುತ್ತಿದ್ದರು.

ಏನು ಮಾತು ಅಂತೀರಿ? ಏನೂ ಇಲ್ಲ. ಮೊನ್ನೆಯ ಸಾರಿಗೆ ಉಪ್ಪು ಕಡಿಮೆಯಾಗಿದ್ದು ನಿಮಗೆ ಗೊತ್ತಾಯಿತಾ ಎನ್ನುವುದು. ಗೊತ್ತಾಯಿತು, ಆದರೆ ಹೇಳಲು ನೀನೆಲ್ಲಿ ಸಿಕ್ಕಿದೆ ಎನ್ನುವುದು. ಅಪ್ಪಾಜಿ ನಮ್ಮ ಕೊಬ್ಬರಿ ಮಂಡಿಗೆ ಬರುವವರ ನಡಿಗೆ, ಕೆಮ್ಮು, ಚೌಕಾಸಿ ಎಲ್ಲ ಅನುಕರಿಸಿ ತೋರಿಸುತ್ತಿದ್ದರು. ಅಮ್ಮ ನಗುತ್ತಿದ್ದರು. ಅಮ್ಮನ ನಗು ಅಂದರೆ ಹೀಗೆ ಇರುತ್ತದೆ ಎಂದು ನನಗೆ ತಿಳಿದಿದ್ದೇ ಆ ಕಾರಿನಲ್ಲಿ. ಮನೆಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಸಾಮಾನು ತೊಳೆಯುತ್ತಿದ್ದವರು ಇವರೇನಾ ಎಂದು ನಾನು ಹಿಂದಿನಿಂದ ಅವರ ಕಿವಿಯ ಓಲೆ ಅಲುಗುವುದನ್ನೇ ನೋಡುತ್ತಾ ಕೂರುತ್ತಿದ್ದೆ. ಹಳೇಬೀಡಿನಲ್ಲಿ ಕೆರೆಯ ಏರಿಯ ಹತ್ತಿರ ನಿಲ್ಲಿಸಿ ಬುತ್ತಿ ಬಿಚ್ಚುತ್ತಿದ್ದೆವು. ದೇವಸ್ಥಾನ ಅಲ್ಲೇ ಕಾಣುತ್ತಿತ್ತು, ದೂರದೂರದಿಂದ ಜನ ಬಂದು ಸುತ್ತುತ್ತಿದ್ದರು. ನಾವು ಒಳಗೆ ಹೋದದ್ದು ಅಪರೂಪ. ಇವರಿಬ್ಬರಿಗೆ ಕಾರು ಬಿಟ್ಟು ಇಳಿಯಲು ಮನಸ್ಸಿರಲಿಲ್ಲ, ಬುತ್ತಿಯನ್ನೂ ಆ ಮುಂದಿನ ಸೀಟಿನಲ್ಲೇ ಕೂತು ತಿನ್ನುತ್ತಿದ್ದರು. ನಾನೊಬ್ಬಳೇ ಇಳಿದು ಕೆರೆಗೆ ಕಲ್ಲೆಸೆಯುತ್ತಿದ್ದೆ. ಕಲ್ಲು ಖಾಲಿಯಾದ ಮೇಲೆ ಬಂದು ಕಿಟಕಿಯ ಹತ್ತಿರ ನಿಂತರೆ, ಇವಳೊಬ್ಬಳು ಇದ್ದಾಳಲ್ಲ ಎಂಬಂತೆ ಇಬ್ಬರೂ ತಿರುಗಿ ನೋಡುತ್ತಿದ್ದರು. ಬೇಸರವೇನೂ ಇರಲಿಲ್ಲ ಅವರ ನೋಟದಲ್ಲಿ. ಆದರೂ ಆ ನೋಟ ನನಗೆ ನೆನಪಿದೆ.

ವಾಪಸ್ಸು ಬರುವಾಗ ಬಾಣಾವರದ ಗೇಟಿನ ಹತ್ತಿರ ಮಾತು ತಾನಾಗಿ ನಿಲ್ಲುತ್ತಿತ್ತು. ಸೆರಗು ತಲೆಗೆ ಏರುತ್ತಿತ್ತು.

ಅಜ್ಜಿ ಹೋದರು. ಚಿಕ್ಕಪ್ಪಂದಿರು ಬೇರೆ ಮನೆ ಮಾಡಿಕೊಂಡರು. ಅಷ್ಟು ದೊಡ್ಡ ಮನೆಯಲ್ಲಿ ಮೂವರೇ ಉಳಿದೆವು. ಆ ಹೊತ್ತಿಗೆ ನನಗೆ ಬಾಣಾವರದಲ್ಲಿ ಕೆಲಸ ಸಿಕ್ಕಿತ್ತು, ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಇನ್ನು ಇವರು ಮನೆಯಲ್ಲೂ ಮಾತಾಡಿಕೊಳ್ಳುತ್ತಾರೆ, ನನಗೆ ಬಿಡುವಾಯಿತು ಎಂದುಕೊಂಡೆ. ಆಗಲಿಲ್ಲ. ಕಟ್ಟಿಹಾಕಿದವರು ಹೋದ ಮೇಲೂ ಅವರಿಬ್ಬರಿಗೆ ಆ ಗೋಡೆಗಳ ನಡುವೆ ಬಾಯಿ ಬರಲಿಲ್ಲ. ಮೂವತ್ತರ ಹತ್ತಿರಕ್ಕೆ ಬಂದ ನಾನು, ಶಾಲೆಯಲ್ಲಿ ಅಷ್ಟು ಮಕ್ಕಳನ್ನು ಹದ್ದುಬಸ್ತಿನಲ್ಲಿಡುವವಳು, ಮನೆಯಲ್ಲಿ ಅಡುಗೆಮನೆಗೂ ಜಗಲಿಗೂ ಸುದ್ದಿ ಹೊರುತ್ತಲೇ ಇದ್ದೆ. ಒಂದು ದಿನ ಸಿಟ್ಟು ಬಂದು ನೀವೇ ಹೋಗಿ ಹೇಳಬಾರದಾ ಅಂದೆ. ಅಮ್ಮ ಒಲೆಯ ಕಡೆ ತಿರುಗಿ, "ಅದೇನೋ ನಾಲಿಗೇನೇ ಏಳಲ್ಲ ಕಣೇ ಇಲ್ಲಿ," ಅಂದರು. ಭಾನುವಾರ ಮಾತ್ರ ಕಾರು ಹೊರಡುತ್ತಿತ್ತು. ಈಗ ಅಪ್ಪಣೆ ಕೊಡಬೇಕಾದವರು ಯಾರೂ ಇರಲಿಲ್ಲವಾದ್ದರಿಂದ ವಾರವಾರವೂ ಹೊರಡುತ್ತಿತ್ತು. ನಾನು ಕೆಲವು ಸಲ ಹೋಗುತ್ತಿದ್ದೆ, ಕೆಲವು ಸಲ ಉತ್ತರಪತ್ರಿಕೆಗಳ ನೆಪ ಹೇಳಿ ಉಳಿಯುತ್ತಿದ್ದೆ. ಅವರು ಹೊರಟ ಮೇಲೆ ಆ ಮನೆಯಲ್ಲಿ ಗಡಿಯಾರದ ಸದ್ದು ಬಿಟ್ಟರೆ ನಾನೇ.

ತೊಂಬತ್ತರ ದಶಕ ಮುಗಿಯುತ್ತ ಬಂದ ಹಾಗೆ ಮುಂದಿನ ಸೀಟಿನ ಮಾತು ಬದಲಾಯಿತು. ಆಗ ನನಗೆ ಅದರ ಅರ್ಥ ಆಗಲಿಲ್ಲ. ಅಮ್ಮ ಸಾರಿನ ಉಪ್ಪು, ನೆಂಟರ ಮನೆಯ ಸುದ್ದಿ ಹೇಳುತ್ತ ಹೇಳುತ್ತ ನಡುವೆ ರಸ್ತೆಯ ಸುದ್ದಿಯನ್ನೂ ಸೇರಿಸುತ್ತಿದ್ದರು. ಎಡಗಡೆ ಸೈಕಲ್ಲಿನವನು ಹೋಗುತ್ತಿದ್ದಾನೆ. ಮುಂದೆ ದನ ದಾಟುತ್ತಿವೆ. ಅಗೋ ಬಸ್ಸು ಬಂತು, ಸ್ವಲ್ಪ ಈಚೆಗೆ ಬನ್ನಿ. ಅಪ್ಪಾಜಿ ಹೂಂ ಎನ್ನುತ್ತ ಕಾರನ್ನು ನಿಧಾನ ಮಾಡುತ್ತಿದ್ದರು. ವಯಸ್ಸಾದ ಹಾಗೆ ಅಮ್ಮನಿಗೆ ಹೆದರಿಕೆ ಜಾಸ್ತಿಯಾಗಿದೆ ಎಂದುಕೊಂಡೆ. ಒಂದು ಸಲ ರೇಗಿಸಿದ್ದೂ ಉಂಟು, ಕಾರು ಓಡಿಸುತ್ತಿರುವವರು ನೀವಾ ಅಪ್ಪಾಜಿಯಾ ಎಂದು. ಇಬ್ಬರೂ ನಗಲಿಲ್ಲ.

ಆ ವರ್ಷ ನನಗೊಂದು ಸಂಬಂಧ ಬಂತು. ನನಗೆ ಮೂವತ್ತು ದಾಟಿತ್ತು. ಬಂದು ಹೋದ ಸಂಬಂಧಗಳ ಲೆಕ್ಕ ಇಡುವುದನ್ನು ಮನೆಯವರೂ ಬಿಟ್ಟಿದ್ದರು. ಗಂಡು ಕಾಲೇಜಿನಲ್ಲಿ ಪಾಠ ಹೇಳುವವರು, ಮೊದಲ ಹೆಂಡತಿ ತೀರಿಕೊಂಡಿದ್ದರು. ಬೇಲೂರಿನ ಸೋದರಮಾವನ ಮನೆಯಲ್ಲೇ ಹೆಣ್ಣು ತೋರಿಸುವುದೆಂದಾಯಿತು. ಆ ಭಾನುವಾರ ಮೂವರೂ ಕೊಬ್ಬರಿ ಕಾರಿನಲ್ಲಿ ಹೋದೆವು. ಗಂಡಿನ ಕಡೆಯವರು ಸೌಮ್ಯ ಜನ. ಉಪ್ಪಿಟ್ಟು ಕೇಸರಿಬಾತು ಮುಗಿದ ಮೇಲೆ ಅವರ ತಾಯಿ, ಮದುವೆಯಾದ ಮೇಲೆ ಹುಡುಗಿ ಕೆಲಸ ಬಿಡುತ್ತಾಳೆ ತಾನೇ ಎಂದು ಕೇಳಿದರು. ಪ್ರಶ್ನೆ ನನಗೆ ಬಂದಿದ್ದೋ ಅಪ್ಪಾಜಿಗೋ ತಿಳಿಯದೆ ನಾನು ಲೋಟದೊಳಗೆ ನೋಡುತ್ತ ಕೂತೆ. ಅಪ್ಪಾಜಿ, ಅದಕ್ಕೇನಂತೆ, ಬಿಡ್ತಾಳೆ ಅಂದರು.

ಹಿಂದಿರುಗುವಾಗ ಹಳೇಬೀಡಿನಲ್ಲಿ ಕಾರು ನಿಲ್ಲಲಿಲ್ಲ. ಆವತ್ತು ಅಮ್ಮನ ಬಾಯಲ್ಲಿ ರಸ್ತೆಯ ಸುದ್ದಿ ಮಾತ್ರ ಬರುತ್ತಿತ್ತು, ಅದೂ ಒಂದೊಂದೇ ಪದ. ಸೈಕಲ್ಲು. ಎಮ್ಮೆ. ಊರು ದಾಟಿ ಒಂದಷ್ಟು ದೂರ ಬಂದ ಮೇಲೆ ಇದ್ದಕ್ಕಿದ್ದಂತೆ ಕೇಳಿದರು.

"ಅವಳನ್ನ ಒಂದು ಮಾತು ಕೇಳ್ದೆ ಹೆಂಗ್ರೀ ಒಪ್ಕೊಂಬಿಟ್ರಿ?"

ಅಪ್ಪಾಜಿಗೆ ಬೆಳಗಿನಿಂದ ಆಯಾಸವಾಗಿತ್ತೋ, ನನ್ನ ಮದುವೆ ಆಗಿಬಿಡಲಿ ಎಂಬ ಆತುರವೋ, ಗೊತ್ತಿಲ್ಲ. "ನಿಮ್ಮಪ್ಪ ನಿನ್ನ ಕೇಳಿ ಒಪ್ಕೊಂಡಿದ್ರಾ?" ಅಂದರು.

ಅಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಆ ಕಾರಿನಲ್ಲಿ, ಆ ರಸ್ತೆಯಲ್ಲಿ, ಅವರಿಬ್ಬರ ನಡುವೆ ಮಾತು ನಿಂತದ್ದನ್ನು ನಾನು ಕಂಡಿದ್ದು ಅದೇ ಮೊದಲು. ನಾನೇನಾದರೂ ಹೇಳಿ ಹಗುರ ಮಾಡಬೇಕೆಂದು ಪದ ಹುಡುಕುತ್ತಿದ್ದೆ. ಸಂಜೆಯ ಬಿಸಿಲು ಇನ್ನೂ ಇತ್ತು, ರಸ್ತೆಯ ಎರಡು ಕಡೆ ರಾಗಿ ಹೊಲ. ಮುಂದೆ ತಿರುವಿನಲ್ಲಿ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಚಕ್ರ ಕೆಟ್ಟು ಅರ್ಧ ರಸ್ತೆಗೆ ನಿಂತಿತ್ತು. ನನಗೆ ಅಪ್ಪಾಜಿಯ ಭುಜ ಅಡ್ಡ ಇತ್ತು. ಕಂಡಾಗ ಅದು ಬಹಳ ಹತ್ತಿರದಲ್ಲಿತ್ತು. ಅಮ್ಮ "ರೀ" ಎಂದು ಕೂಗಿದ್ದೂ ಕಾರು ಡಿಕ್ಕಿ ಹೊಡೆದದ್ದೂ ಒಂದೇ ಸಲಕ್ಕೆ. ಟ್ರೈಲರಿನ ಮೂಲೆಗೆ ಬಡಿದು, ಹೊರಳಿ, ಪಕ್ಕದ ಹುಣಸೆಮರಕ್ಕೆ ಗುದ್ದಿ ನಿಂತೆವು. ಆಮೇಲೆ ಬಹಳ ಹೊತ್ತು ನಮ್ಮ ಮೇಲೆ ಒಣಹುಲ್ಲು ಉದುರುತ್ತಲೇ ಇತ್ತು.

ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಹೊಲದಲ್ಲಿದ್ದವರು ಓಡಿ ಬಂದು ಬಾಗಿಲು ಜಗ್ಗಿ ತೆಗೆದು ನಮ್ಮನ್ನು ಹೊರಗೆಳೆದರು. ಯಾರದೋ ಟೆಂಪೋದಲ್ಲಿ ಆಸ್ಪತ್ರೆಗೆ ಸೇರಿಸಿದರು. ಅಪ್ಪಾಜಿಗೆ ಪಕ್ಕೆಲುಬು ಮುರಿದಿತ್ತು, ಅಮ್ಮನಿಗೆ ಬಲಗೈ ಮಣಿಕಟ್ಟು. ನನಗೆ ಹಣೆಯ ಮೇಲೆ ಹೊಲಿಗೆ. ಅಕ್ಕಪಕ್ಕದ ಮಂಚದಲ್ಲಿ ಅವರಿಬ್ಬರು, ನಡುವಿನ ಸ್ಟೂಲಿನ ಮೇಲೆ ನಾನು. ಡಾಕ್ಟರು ಅಪ್ಪಾಜಿಯ ಕಣ್ಣಿಗೆ ಟಾರ್ಚು ಬಿಟ್ಟು ನೋಡಿದರು. ಬೆರಳು ಎತ್ತಿ ಎಷ್ಟು ಎಂದು ಕೇಳಿದರು. ಅಪ್ಪಾಜಿ ತಪ್ಪು ಹೇಳಿದರು. ಬೆರಳನ್ನು ಪಕ್ಕಕ್ಕೆ ಸರಿಸಿ ಮತ್ತೆ ಕೇಳಿದರು. ಅಪ್ಪಾಜಿ ಉತ್ತರವನ್ನೇ ಕೊಡಲಿಲ್ಲ. ಡಾಕ್ಟರು ನನ್ನನ್ನು ಹೊರಗೆ ಕರೆದು, ಎರಡೂ ಕಣ್ಣಿಗೆ ಪೊರೆ ಬಂದಿದೆ, ಅದಲ್ಲದೆ ಒಳಗಿನ ನರವೂ ಒಣಗಿದೆ, ಇದು ನಿನ್ನೆ ಮೊನ್ನೆಯದಲ್ಲ, ಇಷ್ಟು ದಿನ ಇವರು ಕಾರು ಹೇಗೆ ಓಡಿಸಿದರು ಎಂದು ಕೇಳಿದರು.

ಹೇಗೆ ಓಡಿಸಿದರು ಎಂದು ನನಗೆ ಅಲ್ಲೇ, ಆ ವರಾಂಡದಲ್ಲೇ ಹೊಳೆಯಿತು. ಒಳಗೆ ಬಂದು ಅಮ್ಮನ ಕಡೆ ನೋಡಿದೆ. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದರು.

ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. ಆ ರಸ್ತೆಯಲ್ಲಿ ನಡೆದು ಹೋದವರು, ಸೈಕಲ್ಲಿನವರು, ಶಾಲೆಯ ಮಕ್ಕಳು, ಎಲ್ಲರ ಪುಣ್ಯ. ಆಗ ಬಹಳ ಸಿಟ್ಟೂ ಬಂದಿತ್ತು. ಆದರೆ ಸಿಟ್ಟನ್ನು ಯಾರ ಮೇಲೆ ಹಾಕಲಿ? ಕಾರು ನಿಲ್ಲಿಸಿದರೆ ಮಾತು ನಿಲ್ಲುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಒಬ್ಬರು ಕಣ್ಣು ಕಾಣದೆ ಓಡಿಸುತ್ತಿದ್ದರು, ಇನ್ನೊಬ್ಬರು ಕಂಡದ್ದನ್ನೆಲ್ಲ ಹೇಳುತ್ತಿದ್ದರು.

ಕಾರನ್ನು ಲಾರಿಯಲ್ಲಿ ಹಾಕಿಸಿಕೊಂಡು ಅರಸೀಕೆರೆಗೆ ತಂದದ್ದು ರಹಮಾನ್ ಸಾಬರು. ತಾತನ ಕಾಲದಿಂದಲೂ ಅದರ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ಕು. ಅವರ ಶೆಡ್ಡಿನ ಮುಂದೆ ಬೇವಿನ ಮರದಡಿ ಅದು ನಿಂತಿತು. ಬಾನೆಟ್ಟು ಮಡಚಿಕೊಂಡು ಎಂಜಿನ್ನು ಒಳಕ್ಕೆ ನುಗ್ಗಿತ್ತು. ಬಲಗಡೆಯ ಬಾಗಿಲು ತೆರೆಯಲು ಬರುತ್ತಿರಲಿಲ್ಲ. ಸಾಬರು ಸುತ್ತಮುತ್ತ ಊರುಗಳಲ್ಲಿ ಹಳೆಯ ಸಾಮಾನು ಹುಡುಕಿದರು. ಎಂಜಿನ್ನಿಗೆ ಹೇಗೋ ದಾರಿಯಾಗುತ್ತಿತ್ತಂತೆ. ಕೊನೆಗೆ ಮನೆಗೆ ಬಂದು, ಜಗಲಿಯ ಮೇಲೆ ಕೂರದೆ ನಿಂತೇ, "ಚಾಸಿನೇ ಬಗ್ಗೋಗೈತೆ ಯಜಮಾನ್ರೇ, ಇನ್ನು ಆಗಾಕಿಲ್ಲ," ಅಂದರು. ಅಪ್ಪಾಜಿ ತಲೆಯಾಡಿಸಿದರು. ಸಾಬರಿಗೆ ಕಾಫಿ ತರಲು ನನ್ನನ್ನು ಒಳಗೆ ಕಳಿಸಿದರು.

ಬೇಲೂರಿನಿಂದ ಮಾವ ಬಂದು, ಗಂಡಿನ ಕಡೆಯವರು ಸದ್ಯಕ್ಕೆ ಬೇಡ ಅಂದಿದ್ದಾರೆ ಎಂದು ಸಂಕೋಚದಿಂದ ತಿಳಿಸಿದರು. ಅಪಶಕುನವಾಯಿತು ಎನ್ನುವ ಮಾತನ್ನು ಮಾವ ಆಡಲಿಲ್ಲ, ನುಂಗಿಕೊಂಡಿದ್ದು ಕಾಣುತ್ತಿತ್ತು. ನನಗೆ ದುಃಖವೇನೂ ಆಗಲಿಲ್ಲ. ನಾನು ಬೇಡ ಅನ್ನುವ ಮೊದಲೇ ಅವರು ಅಂದುಬಿಟ್ಟರಲ್ಲ ಎಂದು ಸ್ವಲ್ಪ ಅವಮಾನವಾಯಿತು, ಅಷ್ಟೇ.

ಕಾರನ್ನು ಗುಜರಿಗೆ ಕೊಡುವುದೆಂದಾಯಿತು. ತೆಗೆದುಕೊಂಡು ಹೋಗುವ ದಿನ ಅಪ್ಪಾಜಿ ಹಾಸಿಗೆಯಿಂದ ಏಳಲಿಲ್ಲ. ಅಮ್ಮ ಮಾತ್ರ ಬೆಳಿಗ್ಗೆಯೇ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನಡಿ ಹೋಗೋಣ ಅಂದರು. ಕೈಗೆ ಇನ್ನೂ ಪ್ಲಾಸ್ಟರು ಇತ್ತು. ಶೆಡ್ಡಿನವರೆಗೆ ನಡೆದೇ ಹೋದೆವು. ಅವರು ಎಡಗಡೆಯ ಬಾಗಿಲು ತೆಗೆಸಿ ಒಳಗೆ ಕೂತರು, ಯಾವಾಗಲೂ ಕೂರುವ ಜಾಗದಲ್ಲೇ. ಸಾಬರು ಏನೋ ನೆಪ ಮಾಡಿಕೊಂಡು ಶೆಡ್ಡಿನ ಹಿಂದಕ್ಕೆ ಹೋದರು. ನಾನು ಬಾಗಿಲು ಹಿಡಿದು ನಿಂತೆ. ಸೀಟಿನ ಮೇಲೆ ಇನ್ನೂ ಹುಲ್ಲಿನ ಎಸಳುಗಳಿದ್ದವು. ಅಮ್ಮ ಎಡಗೈಯಲ್ಲಿ ಒಂದೊಂದನ್ನೇ ಆರಿಸಿ ಹೊರಗೆ ಹಾಕುತ್ತ, ನನ್ನ ಕಡೆ ನೋಡದೆ ಹೇಳಿದರು.

"ನಾನು ನೋಡಿದ್ದೆ ಕಣೇ ಆ ಟ್ರ್ಯಾಕ್ಟರನ್ನ. ದೂರದಿಂದ್ಲೇ ನೋಡಿದ್ದೆ. ಒಂದ್ಸಲ ತಾವೇ ನೋಡ್ಕೊಳ್ಲಿ ಅನ್ನಿಸ್ತು."

ಅಮ್ಮ ಅಳಲಿಲ್ಲ. ಸೀಟು ಚೊಕ್ಕಟವಾದ ಮೇಲೆ ಇಳಿದು, ಸೆರಗು ತಲೆಗೆ ಹೊದ್ದು, ಮನೆಯ ದಾರಿ ಹಿಡಿದರು. ನೆನಪಿಗೆ ಇರಲೆಂದು ನಾವು ಆ ಕಾರಿನದು ಏನನ್ನೂ ಉಳಿಸಿಕೊಳ್ಳಲಿಲ್ಲ. ಅಷ್ಟು ವರ್ಷ ಆ ಮನೆಯಲ್ಲಿ ಅವರ ಎಲ್ಲ ಮಾತನ್ನೂ ಇವರಿಗೆ ಮುಟ್ಟಿಸಿದವಳು ನಾನು. ಅಮ್ಮನ ಈ ಮಾತನ್ನು ಮಾತ್ರ ಜಗಲಿಗೆ ಒಯ್ಯಲಿಲ್ಲ. ಒಯ್ಯಬೇಡ ಎಂದು ಅವರೇನೂ ಹೇಳಿರಲಿಲ್ಲ.

ಅಲ್ಲಿಂದ ಮುಂದಿನ ದಿನಗಳನ್ನು ಹೇಗೆ ಹೇಳಲಿ? ಜಗಳವಿರಲಿಲ್ಲ, ಮುನಿಸೂ ಇರಲಿಲ್ಲ. ಅಪ್ಪಾಜಿಯ ಕಣ್ಣಿನ ಪೊರೆ ತೆಗೆಸಿದೆವು. ಬೆಳಕು, ನೆರಳು, ಎದುರಿಗೆ ನಿಂತವರ ಸೀರೆಯ ಬಣ್ಣ, ಅಷ್ಟು ಬಂತು. ನರ ಸತ್ತದ್ದು ಸತ್ತೇ ಹೋಗಿತ್ತು, ಅದೂ ಬರಬರುತ್ತ ಇನ್ನಷ್ಟು ಮಸುಕಾಯಿತು. ಮಂಡಿಯನ್ನು ಚಿಕ್ಕಪ್ಪನ ಮಕ್ಕಳು ನೋಡಿಕೊಂಡರು. ಅಪ್ಪಾಜಿ ಜಗಲಿಯ ಕುರ್ಚಿಯಲ್ಲಿ, ಅಮ್ಮ ಅಡುಗೆಮನೆಯಲ್ಲಿ. ನಾನು ರೈಲಿಳಿದು ಸಂಜೆ ಮನೆಗೆ ಬರುವವರೆಗೆ ಆ ಮನೆಯಲ್ಲಿ ಒಂದು ಮಾತೂ ಹುಟ್ಟುತ್ತಿರಲಿಲ್ಲ. ಬೆಳಿಗ್ಗೆ ನಾನು ಹೊರಡುವಾಗ ತಟ್ಟೆ ಮುಚ್ಚಿಟ್ಟು, ಇಂಥಲ್ಲಿದೆ ಎಂದು ಅಪ್ಪಾಜಿಗೆ ಹೇಳಿ ಹೋಗುತ್ತಿದ್ದೆ. ಮಧ್ಯಾಹ್ನ ಅಮ್ಮ ಆ ತಟ್ಟೆಯನ್ನು ಬದಲಾಯಿಸಿ ಬಿಸಿ ಅನ್ನ ಇಡುತ್ತಿದ್ದರು. ಅದು ಅಪ್ಪಾಜಿಗೂ ಗೊತ್ತಾಗುತ್ತಿತ್ತು. ಯಾರೂ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಸಲ ನಾನೇ ಉಪಾಯ ಮಾಡಿ, ಮೂವರೂ ಬಸ್ಸಿನಲ್ಲಿ ಬೇಲೂರಿಗೆ ಹೋಗೋಣವೆಂದು ಹೊರಡಿಸಿದೆ. ದಾರಿ ಅದೇ ಅಲ್ಲವೇ, ಗೇಟು ದಾಟಿದರೆ ಮಾತು ತಾನೇ ಬರುತ್ತದೆ ಎಂಬುದು ನನ್ನ ಲೆಕ್ಕ. ಬಸ್ಸು ತುಂಬಿತ್ತು. ಕಂಡಕ್ಟರು ಹೆಂಗಸರು ಮುಂದೆ ಬನ್ನಿ ಎಂದು ಅಮ್ಮನನ್ನೂ ನನ್ನನ್ನೂ ಮುಂದಕ್ಕೆ ಕೂರಿಸಿದ. ಕಣ್ಣು ಕಾಣದವರೆಂದು ಯಾರೋ ಅಪ್ಪಾಜಿಗೆ ಹಿಂದೆ ಸೀಟು ಬಿಟ್ಟುಕೊಟ್ಟರು. ಬಾಣಾವರ ದಾಟಿತು. ಅಮ್ಮ ಒಂದು ಸಲ ಹಿಂದಕ್ಕೆ ತಿರುಗಿ ನೋಡಿದರು. ನಡುವೆ ಜನ ನಿಂತಿದ್ದರು. ಆ ತಿರುವು ಬಂದಾಗ ಅಮ್ಮ ಕಣ್ಣು ಮುಚ್ಚಿಕೊಂಡಿದ್ದರು. ಮತ್ತೆ ನಾನು ಉಪಾಯದ ಗೋಜಿಗೆ ಹೋಗಲಿಲ್ಲ.

ಹೀಗೆ ಕೆಲವು ವರ್ಷ ಕಳೆದವು. ಅಪ್ಪಾಜಿಗೆ ಉಬ್ಬಸ ಹೆಚ್ಚಾಯಿತು. ಅವರೇ ತಮ್ಮ ಕೊನೆಯ ಚಳಿಗಾಲ ಇದು ಎಂದು ಅಂದುಕೊಂಡಿದ್ದರೋ ಏನೋ. ಒಂದು ಭಾನುವಾರ ಮಧ್ಯಾಹ್ನ ನನ್ನನ್ನು ಕುರ್ಚಿಯ ಹತ್ತಿರ ಕರೆದು, ಪಕ್ಕದಲ್ಲಿ ಯಾರಾದರೂ ಇದ್ದಾರಾ ಎಂದು ಕೇಳಿ, ಹೇಳಿದರು.

"ನಿಮ್ಮಮ್ಮಂಗೆ ಒಂದು ಮಾತು ಹೇಳು. ಆವತ್ತು ಆ ಟ್ರ್ಯಾಕ್ಟರು ನಂಗೂ ಕಂಡಿತ್ತು ಅಂತ. ಬ್ರೇಕು ತುಳಿಯೋದು ತಡ ಆಯ್ತು ಅಂತ ಹೇಳು, ಅಷ್ಟೇ."

ಅಮ್ಮ ಶೆಡ್ಡಿನ ಮುಂದೆ ಹೇಳಿದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ಆದರೆ ಆವತ್ತು ಮುಂದಿನ ಸೀಟಿನಲ್ಲಿ ಅವರ ಪಕ್ಕದವರು ಸುಮ್ಮನಾದದ್ದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು? ಅಷ್ಟು ವರ್ಷ ಅದನ್ನು ಅವರು ತಮ್ಮೊಳಗೇ ಇಟ್ಟುಕೊಂಡು ಕೂತಿದ್ದರು.

ಅಡುಗೆಮನೆಗೆ ಹೋದೆ. ಅಮ್ಮ ಅವರೆಕಾಯಿ ಸುಲಿಯುತ್ತಿದ್ದರು. ಅಪ್ಪಾಜಿ ಹೇಳಿದ ಹಾಗೇ, ಒಂದು ಪದವೂ ಬಿಡದೆ ಹೇಳಿದೆ. ಅಮ್ಮನ ಕೈ ನಿಂತಿತು. ಅವರಿಗೆಲ್ಲಿ ಕಾಣಬೇಕು, ಎದುರಿಗೆ ಆನೆ ಬಂದು ನಿಂತಿದ್ದರೂ ಕಾಣುತ್ತಿರಲಿಲ್ಲ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಮೊರವನ್ನು ಕೆಳಗಿಟ್ಟರು. ಸೆರಗಿನಲ್ಲಿ ಕೈ ಒರೆಸಿಕೊಂಡು, ಗೋಡೆ ಹಿಡಿದು ಎದ್ದು, ನಡುಮನೆ ದಾಟಿ ಜಗಲಿಗೆ ಹೋದರು. ನಾನು ಬಾಗಿಲ ಈಚೆಯೇ ನಿಂತೆ.

"ಯಾಕ್ರೀ ಸುಳ್ಳು ಹೇಳ್ತೀರ?" ಎಂದು ಅಮ್ಮನ ದನಿ ಕೇಳಿಸಿತು.

ಅಪ್ಪಾಜಿ, "ನೀನು ಮಾತಾಡ್ಲಿ ಅಂತ," ಅಂದರು.

ಆ ಮಧ್ಯಾಹ್ನ ಅವರು ಏನೇನು ಮಾತಾಡಿಕೊಂಡರೋ ನಾನು ಕೇಳಿಸಿಕೊಳ್ಳಲಿಲ್ಲ. ಅಡುಗೆಮನೆಗೆ ವಾಪಸ್ಸು ಬಂದು ಅವರೆಕಾಯಿ ಮುಂದಿಟ್ಟುಕೊಂಡೆ. ಸುಲಿದು ಮುಗಿಯುವ ಹೊತ್ತಿಗೆ ಬಿಸಿಲು ಅಂಗಳದಿಂದ ಎದ್ದು ಗೋಡೆ ಹತ್ತಿತ್ತು. ಜಗಲಿಯಲ್ಲಿ ಒಮ್ಮೆ ಅಮ್ಮ ಅತ್ತದ್ದು ಕೇಳಿಸಿತು. ಬಹಳ ಹೊತ್ತಿನ ಮೇಲೆ, ಒಮ್ಮೆ ನಕ್ಕದ್ದೂ. ಆಮೇಲೆ ಅಪ್ಪಾಜಿ ಬದುಕಿದ್ದಷ್ಟು ದಿನವೂ ಅಮ್ಮ ದಿನಾ ಅಡುಗೆ ಮುಗಿಸಿ ಹೋಗಿ ಆ ಕುರ್ಚಿಯ ಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದರು. ಬೀದಿಯಲ್ಲಿ ಹೋಗುವವರು, ಬರುವವರು, ಯಾರ ಮನೆಯಲ್ಲಿ ಏನು, ಎಲ್ಲ ಹೇಳುತ್ತಿದ್ದರು. ನಾನು ಸಂಜೆ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಇಬ್ಬರೂ ತಿರುಗಿ ನೋಡುತ್ತಿದ್ದರು. ಯಾರೂ ನನ್ನ ಹತ್ತಿರ ಏನನ್ನೂ ಹೇಳಿ ಕಳಿಸುತ್ತಿರಲಿಲ್ಲ. ಅದು ನನಗೆ ಸಂತೋಷದ ವಿಷಯವೇ. ಆದರೆ ಆ ಮನೆಯಲ್ಲಿ ನಾನು ಮಾಡುತ್ತಿದ್ದ ಒಂದೇ ಕೆಲಸ ಕೈಬಿಟ್ಟು ಹೋದಂತೆ ಆಗಿತ್ತು ಎನ್ನುವುದೂ ನಿಜ.

ಅಪ್ಪಾಜಿ ಚಳಿ ಮುಗಿಯುವ ಮುಂಚೆ ಹೋದರು. ಅಮ್ಮ ಇನ್ನೂ ಹಲವು ವರ್ಷ ನನ್ನ ಜೊತೆಗಿದ್ದರು. ನಾವಿಬ್ಬರೂ ಹೆಚ್ಚು ಮಾತಾಡುತ್ತಿದ್ದೆವು ಎಂದೇನೂ ಅಲ್ಲ. ಬೇರೆಯವರ ಮಾತು ಹೊತ್ತು ಅಭ್ಯಾಸವಾದವಳಿಗೆ ಸ್ವಂತದ್ದು ಅಂತ ಆಡಲು ತೋಚುತ್ತಿರಲಿಲ್ಲ. ಅಮ್ಮ ಹೋದ ಮೇಲೆ ದೊಡ್ಡ ಮನೆ ಬಿಟ್ಟು ಈ ಚಿಕ್ಕ ಮನೆಗೆ ಬಂದೆ. ಕೆಲಸವಿದ್ದಷ್ಟು ದಿನ ಮಕ್ಕಳ ಗದ್ದಲವಿತ್ತು. ಈಗ ಕೆಲವು ದಿನ ಸಂಜೆ ಹಾಲಿನವನಿಗೆ ಅರ್ಧ ಲೀಟರು ಎನ್ನುವಾಗ ನನ್ನ ಗಂಟಲು ಕಟ್ಟಿಕೊಂಡಿರುತ್ತದೆ. ಆಗ ಗೊತ್ತಾಗುತ್ತದೆ, ಆ ದಿನದ ಮೊದಲ ಮಾತು ಅದು ಎಂದು.

ಲಲಿತಮ್ಮ ಅಂತ ನನ್ನ ಜೊತೆ ಕೆಲಸ ಮಾಡಿದವರು. ಈಗ ಹಾರನಹಳ್ಳಿಯಲ್ಲಿದ್ದಾರೆ, ಯಜಮಾನರು ತೀರಿಕೊಂಡು ಎರಡು ವರ್ಷವಾಯಿತು. ಆಗಾಗ ಫೋನು ಮಾಡುತ್ತಾರೆ. ಏನು ಮಾಡುತ್ತಿದ್ದೀರಿ ಎಂದರೆ, ಏನಿಲ್ಲ, ಆರಾಮಾಗಿದ್ದೇನೆ ಎನ್ನುತ್ತೇನೆ. ಅವರೂ ಆರಾಮು ಎನ್ನುತ್ತಾರೆ. ಮೊಣಕಾಲು, ಪಿಂಚಣಿ, ಇಬ್ಬರ ಊರಿನ ಬಿಸಿಲು, ಇಷ್ಟು ಮುಗಿದರೆ ಫೋನು ಇಡುತ್ತೇವೆ.

ನಿನ್ನೆ ಸಂಜೆ ಅವರ ಫೋನು ಬಂತು. ಎಂದಿನಂತೆ ಏನು ಮಾಡುತ್ತಿದ್ದೀರಿ ಎಂದರು. ಏನಿಲ್ಲ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಂದ ಬೇರೆಯೇ ಬಂತು.

"ಒಬ್ಬಳೇ ಇದೀನಿ ಕಣ್ರೀ. ತುಂಬಾ ಬೇಜಾರಾಗ್ತಾ ಇದೆ."

ಲೈನು ಕಟ್ಟಾಯಿತೇನೋ ಎಂದು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಎಂಥ ಮಾತಾಡಿಬಿಟ್ಟೆ ಎಂದು ಮುಖ ಬಿಸಿಯಾಯಿತು. ಕೊನೆಗೆ ಅವರು ಮೂಗು ಒರೆಸಿಕೊಂಡದ್ದು ಕೇಳಿಸಿತು.

"ನಂಗೂ ಕಣ್ರೀ," ಅಂದರು.

ಆಮೇಲೆ ಇಬ್ಬರೂ ಫೋನು ಇಡಲಿಲ್ಲ.